ನಮ್ಮ ಮಕ್ಕಳು ಯಾವ ಆಟಕ್ಕಾಗಿ ಕಾಯಬೇಕು?

2025ರ ನವೆಂಬರ್‌ನಲ್ಲಿ ಹೊರಬಿದ್ದ ಒಂದು ವಾಣಿಜ್ಯ ಪ್ರಕಟಣೆಯು ಜಗತ್ತಿನಾದ್ಯಂತ ಲಕ್ಷಾಂತರ ಯುವಕರನ್ನು ನಿರಾಶೆಗೊಳಿಸಿತು. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ವೀಡಿಯೋ ಗೇಮ್‌ನ ಆರನೆಯ ಕಂತನ್ನು 2026ರ ಮೇ 26ಕ್ಕೆ ಬದಲಾಗಿ ನವೆಂಬರ್ 19ರಂದು ಬಿಡುಗಡೆ ಮಾಡಲಾಗುವುದು ಎಂದು ರಾಕ್‌ಸ್ಟಾರ್ ಕಂಪೆನಿ ಘೋಷಿಸಿತು. ಅದು ಮೊದಲ ಮುಂದೂಡಿಕೆಯೂ ಆಗಿರಲಿಲ್ಲ. ಇದರ ಐದನೆಯ ಕಂತು ಬಂದದ್ದು 2013ರಲ್ಲಿ. 20 ಕೋಟಿಗಿಂತಲೂ ಹೆಚ್ಚು ಪ್ರತಿಗಳು ಮಾರಾಟವಾದ ಆಟವದು. ಕಾರು ಕದಿಯುವುದು, ದರೋಡೆ ನಡೆಸುವುದು, ದಾರಿಹೋಕರನ್ನು ಹೊಡೆದುರುಳಿಸುವುದು ಅದರಲ್ಲಿ ಆಟಗಾರನಿಗೆ ಲಭ್ಯವಿರುವ 'ಸ್ವಾತಂತ್ರ್ಯ'. ವಯಸ್ಕರಿಗೆ ಮಾತ್ರ ಎಂಬ ಸೂಚನೆ ಅದರ ಮೇಲೆ ಇದ್ದರೂ, ಅದರ ಹೆಸರು ಕೇಳದ ಹೈಸ್ಕೂಲು ಹುಡುಗ ನಮ್ಮ ಪಟ್ಟಣಗಳಲ್ಲಿ ಸಿಗುವುದು ಕಷ್ಟ. ತನ್ನ ಪರೀಕ್ಷೆಯ ದಿನಾಂಕ ಮರೆತ ಮಗ ಈ ಆಟದ ಬಿಡುಗಡೆಯ ದಿನಾಂಕವನ್ನು ಹೇಳಬಲ್ಲ.

ಇದೇ ವೇಳೆ ಇನ್ನೊಂದು ಆಟವೂ ತಯಾರಾಗುತ್ತಾ ಬಂದಿದೆ. ಅದಕ್ಕೆ ಸಾವಿರಾರು ನೌಕರರ ದುಡಿಮೆಯಿಲ್ಲ, ಶೇರು ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅದರ ನಾಯಕಿಯ ಕೈಯಲ್ಲಿ ಬಂದೂಕು ಇಲ್ಲ, ಒಂದು ದಿಂಬು ಮಾತ್ರ ಇದೆ. 'ಡ್ರೀಮ್ಸ್ ಆನ್ ಎ ಪಿಲ್ಲೋ', ಅಂದರೆ ದಿಂಬಿನ ಮೇಲಣ ಕನಸುಗಳು, ಎಂಬುದು ಅದರ ಹೆಸರು. ತಯಾರಕರು ಫೆಲೆಸ್ತೀನಿನ ನಾಬ್ಲುಸ್ ನಗರದ ರಶೀದ್ ಅಬೂ ಈದ. ಕಾಯುವುದಾದರೆ ಈ ಆಟಕ್ಕಾಗಿ ಏಕೆ ಕಾಯಬಾರದು ಎಂಬುದು ಈ ಬರಹದ ಪ್ರಶ್ನೆ.

ವೀಡಿಯೋ ಗೇಮ್ ಎಂದೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳಿವೆ. ಮೊದಲನೆಯದು, ಮೊಬೈಲ್ ಕಿತ್ತುಕೊಳ್ಳುವುದು. ಎರಡನೆಯದು, ಗಲಾಟೆ ಮಾಡದೆ ಕುಳಿತರೆ ಸಾಕು ಎಂದು ಮೊಬೈಲ್ ಕೈಗಿತ್ತು ಸುಮ್ಮನಾಗುವುದು. ಕಿತ್ತುಕೊಳ್ಳುವವರ ಭಯ ಆಧಾರರಹಿತವೇನಲ್ಲ. ನಿಯಂತ್ರಣ ತಪ್ಪಿದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣಕ್ಕೆ ಸೇರಿಸಿದ್ದು, 2022ರ ಜನವರಿಯಿಂದ ಅದು ಜಾರಿಗೆ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟು ಮನೆಗಳ ಒಲೆ ಆರಿಸಿವೆ ಎಂಬುದನ್ನು ನಾವು ಕಂಡಿದ್ದೇವೆ. ಅವುಗಳನ್ನು ನಿಷೇಧಿಸುವ ಕರ್ನಾಟಕದ 2021ರ ಕಾಯ್ದೆಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂತಹ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಜೂಜು ಎಂಬುದು ಇಸ್ಪೀಟಿನ ಎಲೆಯ ಮೇಲಿರಲಿ, ಗಾಜಿನ ಪರದೆಯ ಮೇಲಿರಲಿ, ಜೂಜೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಮಗ ಎಷ್ಟು ಹೊತ್ತು ಆಡಿದ, ಎಷ್ಟು ದುಡ್ಡು ಕಳೆದ ಎಂದು ಕೇಳುತ್ತೇವೆ. ಆಟ ಅವನಿಗೆ ಯಾವ ಕತೆ ಹೇಳಿತು, ಆ ಕತೆಯಲ್ಲಿ ಶತ್ರು ಯಾರು ಎಂದು ಯಾರೂ ಕೇಳುವುದಿಲ್ಲ. ನಮ್ಮ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳುವ ಕತೆಯನ್ನು ಆರಿಸುತ್ತಿದ್ದರು. ಮನೆಗೆ ಬರುವ ಪುಸ್ತಕವನ್ನು ಹಿರಿಯರು ತಿರುವಿಹಾಕುತ್ತಿದ್ದರು. ಇಂದು ಮಗುವಿಗೆ ಅತಿ ಹೆಚ್ಚು ಹೊತ್ತು ಕತೆ ಹೇಳುತ್ತಿರುವ ಅಜ್ಜಿ ಯಾರು? ಆಕೆಯ ಮುಖ ನಮಗೆ ಗೊತ್ತೇ?

ಒಂದು ಉದಾಹರಣೆ ನೋಡೋಣ. 1991ರ ಫೆಬ್ರವರಿ ಕೊನೆಯ ವಾರದಲ್ಲಿ ಕುವೈತ್‌ನಿಂದ ಬಸ್ರಾದ ಕಡೆಗೆ ಹಿಮ್ಮೆಟ್ಟುತ್ತಿದ್ದ ಇರಾಕಿಗಳ ವಾಹನಗಳ ಸಾಲಿನ ಮೇಲೆ ಅಮೆರಿಕ ನೇತೃತ್ವದ ಮಿತ್ರಪಡೆಯ ವಿಮಾನಗಳು ಬಾಂಬ್ ಸುರಿಸಿದವು. ಸುಟ್ಟು ಕರಕಲಾದ ವಾಹನಗಳಿಂದ ತುಂಬಿದ ಆ ಹೆದ್ದಾರಿಗೆ 'ಸಾವಿನ ಹೆದ್ದಾರಿ' ಎಂಬ ಹೆಸರು ಬಿತ್ತು. ಕೊಲ್ಲಿಯಲ್ಲಿ ದುಡಿಯುತ್ತಿದ್ದ ನಮ್ಮೂರಿನ ಎಷ್ಟೋ ಮಂದಿಗೆ ಆ ಯುದ್ಧದ ನೆನಪು ಈಗಲೂ ಹಸಿಯಾಗಿದೆ. 2019ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್' ಎಂಬ ಆಟದಲ್ಲೂ ಒಂದು 'ಸಾವಿನ ಹೆದ್ದಾರಿ' ಇದೆ. ಕಾಲ್ಪನಿಕವಾದೊಂದು ದೇಶದಲ್ಲಿ, ಅದೇ ಹೆಸರಿನಲ್ಲಿ. ಆದರೆ ಅಲ್ಲಿ ಬಾಂಬ್ ಹಾಕಿದವರು ರಷ್ಯನ್ನರು! ಕತೆ ಕಾಲ್ಪನಿಕ ಎಂಬ ಸಮರ್ಥನೆಯನ್ನು ಕೊಡಬಹುದು. ಹಾಗಾದರೆ ಹೆಸರನ್ನು ಮಾತ್ರ ಇತಿಹಾಸದಿಂದ ಎತ್ತಿಕೊಂಡದ್ದೇಕೆ? ಇತಿಹಾಸ ಪುಸ್ತಕ ಓದದ ಹುಡುಗನಿಗೆ ಆ ಹೆಸರು ಮೊದಲು ಪರಿಚಯವಾಗುವುದು ಆಟದಿಂದ. ಅಲ್ಲಿ ಅಪರಾಧಿ ಬದಲಾಗಿರುತ್ತಾನೆ.

ಇದೇ ಸರಣಿಯ 2009ರ ಆಟವೊಂದರಲ್ಲಿ ಕರಾಚಿ ನಗರವಿದೆ. ಅಲ್ಲಿನ ಅಂಗಡಿಗಳ ಫಲಕಗಳು ಇರುವುದು ಉರ್ದುವಿನಲ್ಲಲ್ಲ, ಅರಬಿಯಲ್ಲಿ. ಸಣ್ಣ ತಪ್ಪು ಎಂದು ನಕ್ಕುಬಿಡಬಹುದು. ಆದರೆ ಒಂದು ದೊಡ್ಡ ನಗರದ ಜನ ಯಾವ ಭಾಷೆಯಲ್ಲಿ ಬರೆಯುತ್ತಾರೆಂದು ವಿಚಾರಿಸುವಷ್ಟೂ ಕುತೂಹಲ ಆ ಕೋಟ್ಯಂತರ ಡಾಲರ್‌ಗಳ ಉದ್ಯಮಕ್ಕೆ ಇರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಆ ನಗರದಲ್ಲಿ ಜನರಿಲ್ಲ, ಗುರಿಗಳಷ್ಟೇ ಇವೆ.

ಅಮೆರಿಕದ ಸೈನ್ಯವಂತೂ ಈ ಮಾಧ್ಯಮದ ಶಕ್ತಿಯನ್ನು ಎಲ್ಲರಿಗಿಂತ ಮೊದಲೇ ಅರಿತಿತ್ತು. 2002ರ ಜುಲೈ 4ರಂದು, ತಮ್ಮ ಸ್ವಾತಂತ್ರ್ಯ ದಿನದಂದೇ, ಅದು 'ಅಮೆರಿಕಾಸ್ ಆರ್ಮಿ' ಎಂಬ ಆಟವನ್ನು ಉಚಿತವಾಗಿ ಹಂಚಿತು. ಯುವಕರನ್ನು ಸೇನೆಯತ್ತ ಸೆಳೆಯುವುದು ಅದರ ಬಹಿರಂಗ ಉದ್ದೇಶವಾಗಿತ್ತು. ಇಪ್ಪತ್ತು ವರ್ಷಗಳ ಕಾಲ ನಡೆದು 2022ರ ಮೇಯಲ್ಲಿ ಅದು ಮುಚ್ಚಿತು. ಆಟ ಕೇವಲ ಆಟ ಎಂದು ಸೈನ್ಯವೇ ನಂಬಿರಲಿಲ್ಲ. ನಾವೇಕೆ ನಂಬಬೇಕು?

ಇನ್ನು ಫಲ್ಲೂಜಾ. 2004ರ ನವೆಂಬರ್‌ನಲ್ಲಿ ಆ ಇರಾಕಿ ನಗರದ ಮೇಲೆ ನಡೆದ ದಾಳಿಯಲ್ಲಿ ಬಿಳಿ ರಂಜಕವನ್ನು ಬಳಸಿದ್ದನ್ನು ಅಮೆರಿಕವೇ ಮರುವರ್ಷ ಒಪ್ಪಿಕೊಂಡಿತು. 'ಸಿಕ್ಸ್ ಡೇಸ್ ಇನ್ ಫಲ್ಲೂಜಾ' ಎಂಬ ಆಟವನ್ನು 2009ರಲ್ಲಿ ಘೋಷಿಸಿದಾಗ ಎದ್ದ ಪ್ರತಿರೋಧಕ್ಕೆ ಮಣಿದು ಜಪಾನಿನ ಪ್ರಕಾಶಕ ಕಂಪೆನಿ ಹಿಂದೆ ಸರಿಯಿತು. 2021ರಲ್ಲಿ ಬೇರೊಂದು ಕಂಪೆನಿ ಅದಕ್ಕೆ ಮರುಜೀವ ನೀಡಿತು. ಅಮೆರಿಕದ ಮುಸ್ಲಿಮ್ ಸಂಘಟನೆಯಾದ ಕೇರ್, ಅದನ್ನು ಮಾರದಂತೆ ಮೈಕ್ರೋಸಾಫ್ಟ್, ಸೋನಿ ಮುಂತಾದವರನ್ನು ಕೇಳಿಕೊಂಡಿತು. ಆದರೂ 2023ರ ಜೂನ್‌ನಲ್ಲಿ ಅದರ ಆರಂಭಿಕ ರೂಪ ಮಾರುಕಟ್ಟೆಗೆ ಬಂತು. ಮನೆ ಮನೆಗೆ ನುಗ್ಗುವ ಸೈನಿಕನ ಕಣ್ಣಿನಿಂದಲೇ ಆಟಗಾರ ಅಲ್ಲಿ ಫಲ್ಲೂಜಾವನ್ನು ನೋಡುತ್ತಾನೆ. ಆ ಮನೆಗಳು ಯಾರವು?

ಈ ಹಿನ್ನೆಲೆಯಲ್ಲಿಯೇ ರಶೀದ್ ಅಬೂ ಈದರ ಕೆಲಸವನ್ನು ನೋಡಬೇಕಾಗಿದೆ.

2014ರ ಬೇಸಿಗೆಯಲ್ಲಿ ಗಾಝಾದ ಮೇಲೆ ಯುದ್ಧ ನಡೆಯಿತು. ಜುಲೈ 16ರಂದು ಕಡಲತೀರದಲ್ಲಿ ಆಡುತ್ತಿದ್ದ ಒಂದೇ ಕುಟುಂಬದ ನಾಲ್ವರು ಬಾಲಕರು ಇಸ್ರೇಲ್‌ನ ದಾಳಿಗೆ ಬಲಿಯಾದರು. ಪತ್ರಕರ್ತರು ತಂಗಿದ್ದ ಹೋಟೆಲಿನ ಸಮೀಪದಲ್ಲೇ ನಡೆದ ಆ ಘಟನೆ ಜಗತ್ತಿನ ಕಣ್ಣಿಗೆ ಬಿತ್ತು. ಆ ಯುದ್ಧ ನಡೆಯುತ್ತಿದ್ದಾಗಲೇ, ವಿಮಾನದಿಂದ ಗಾಝಾದ ಮೇಲೆ ಬಾಂಬ್ ಹಾಕುವ ಆಟವೊಂದು ಗೂಗಲ್‌ನ ಆ್ಯಪ್ ಅಂಗಡಿಯಲ್ಲಿ ಕಾಣಿಸಿಕೊಂಡಿತು. ತೀವ್ರ ಆಕ್ರೋಶ ವ್ಯಕ್ತವಾದ ಬಳಿಕ ಆಗಸ್ಟ್‌ನಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಅತ್ತ ಪಶ್ಚಿಮ ದಂಡೆಯ ನಾಬ್ಲುಸ್‌ನಲ್ಲಿ, ಸಾಫ್ಟ್‌ವೇರ್ ಬಲ್ಲ ಒಬ್ಬ ತಂದೆ ಗಾಝಾದ ಮಕ್ಕಳ ಚಿತ್ರಗಳನ್ನು ನೋಡುತ್ತಿದ್ದರು. ಆ ಸ್ಥಾನದಲ್ಲಿ ತನ್ನ ಮಕ್ಕಳಿದ್ದಿದ್ದರೆ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಅದರಿಂದ ಹುಟ್ಟಿದ್ದು 2016ರಲ್ಲಿ ಬಂದ 'ಲೈಲಾ ಆ್ಯಂಡ್ ದ ಶ್ಯಾಡೋಸ್ ಆಫ್ ವಾರ್'.

ಅದೊಂದು ಪುಟ್ಟ, ಉಚಿತ ಆಟ. ಕಪ್ಪು ನೆರಳಿನಂತಹ ಚಿತ್ರಗಳು. ಬಾಂಬ್ ದಾಳಿಯ ನಡುವೆ ತಂದೆಯೊಬ್ಬ ತನ್ನ ಹೆಂಡತಿಯನ್ನೂ ಪುಟ್ಟ ಮಗಳು ಲೈಲಾಳನ್ನೂ ಸುರಕ್ಷಿತ ಜಾಗಕ್ಕೆ ಕರೆದೊಯ್ಯಬೇಕು. ಆಟಗಾರ ಎಷ್ಟು ಚುರುಕಾಗಿದ್ದರೂ, ಎಷ್ಟೇ ಎಚ್ಚರ ವಹಿಸಿದರೂ ಎಲ್ಲರನ್ನೂ ಉಳಿಸಿಕೊಳ್ಳಲಾರ. ಬೇರೆ ಆಟಗಳಲ್ಲಿ ಸೋತವನು ತನ್ನ ಅಭ್ಯಾಸ ಸಾಲದೆಂದು ಮತ್ತೆ ಆಡುತ್ತಾನೆ. ಇಲ್ಲಿ ಸೋತವನಿಗೆ, ತಪ್ಪು ತನ್ನದಲ್ಲ ಎಂಬುದು ಅರಿವಾಗುತ್ತದೆ. ಮುತ್ತಿಗೆಗೆ ಒಳಗಾದ ಊರಿನಲ್ಲಿ ಸರಿಯಾದ ದಾರಿ ಎಂಬುದೇ ಇರುವುದಿಲ್ಲ ಎಂಬುದನ್ನು ಒಂದು ಭಾಷಣ ಇಷ್ಟು ಚೆನ್ನಾಗಿ ತಿಳಿಸಬಲ್ಲದೇ?

ಆಗ ಒಂದು ವಿಚಿತ್ರ ಸಂಭವಿಸಿತು. ಆ್ಯಪಲ್ ಕಂಪೆನಿ ಅದನ್ನು ತನ್ನ ಅಂಗಡಿಯ ಗೇಮ್ಸ್ ವಿಭಾಗದಲ್ಲಿಡಲು ನಿರಾಕರಿಸಿತು. ಸುದ್ದಿ ಅಥವಾ ಪರಾಮರ್ಶನ ವಿಭಾಗಕ್ಕೆ ಸೇರಿಸಿಕೊಳ್ಳಿ, ವಿವರಣೆಯಿಂದ ಗೇಮ್ ಎಂಬ ಪದವನ್ನು ತೆಗೆಯಿರಿ ಎಂದಿತು. ಟೀಕೆಗಳು ಹೆಚ್ಚಿದಾಗ ಕೆಲವೇ ದಿನಗಳಲ್ಲಿ ನಿಲುವು ಬದಲಿಸಿತು. ಕಂಪೆನಿ ತಿದ್ದಿಕೊಂಡಿತು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಆ ಮೊದಲ ನಿರಾಕರಣೆಯ ಹಿಂದಿರುವ ಮನೋಭಾವವನ್ನು ಮರೆಯುವಂತಿಲ್ಲ. ಗುಂಡು ಹಾರಿಸುವವನ ಕತೆ ಆಟವಾಗಬಹುದು, ಗುಂಡಿಗೆ ಎದೆಯೊಡ್ಡಿದವನ ಕತೆ ಮಾತ್ರ ಆಟವಾಗಬಾರದು. ಇದು ಯಾವ ನ್ಯಾಯ?

ಅಬೂ ಈದರ ಎರಡನೆಯ ಆಟ 1948ಕ್ಕೆ ಹೋಗುತ್ತದೆ. ಹೈಫಾದ ದಕ್ಷಿಣಕ್ಕೆ, ಮೆಡಿಟರೇನಿಯನ್ ಕಡಲ ದಡದಲ್ಲಿ ತಂತೂರಾ ಎಂಬ ಹಳ್ಳಿ ಇತ್ತು. ಸುಮಾರು 1500 ಜನ ವಾಸಿಸುತ್ತಿದ್ದರು. ಮೀನುಗಾರಿಕೆ, ಬೇಸಾಯ ಅವರ ಬದುಕು. 1948ರ ಮೇ 22ರ ರಾತ್ರಿ ಹಗಾನಾದ ಅಲೆಕ್ಸಾಂಡ್ರೋನಿ ದಳ ಆ ಹಳ್ಳಿಯ ಮೇಲೆ ದಾಳಿ ನಡೆಸಿ ಮರುದಿನದೊಳಗೆ ವಶಪಡಿಸಿಕೊಂಡಿತು. ಶರಣಾದವರನ್ನು ಗುಂಡಿಟ್ಟು ಕೊಂದರೆಂದು ಬದುಕುಳಿದವರು ಹೇಳುತ್ತಲೇ ಬಂದರು. ಕೇಳುವವರಿರಲಿಲ್ಲ. 1998ರಲ್ಲಿ ಹೈಫಾ ವಿಶ್ವವಿದ್ಯಾನಿಲಯದ ಟೆಡ್ಡಿ ಕಾಟ್ಜ್ ಎಂಬ ಇಸ್ರೇಲಿ ವಿದ್ಯಾರ್ಥಿ, ಬದುಕುಳಿದವರನ್ನೂ ಮಾಜಿ ಸೈನಿಕರನ್ನೂ ಮಾತಾಡಿಸಿ ಆ ಹತ್ಯೆಗಳ ಬಗ್ಗೆ ಪ್ರಬಂಧ ಬರೆದರು. ಮಾಜಿ ಸೈನಿಕರು ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ಒತ್ತಡದಲ್ಲಿ ಅವರು ಹಿಂತೆಗೆತದ ಹೇಳಿಕೆಗೆ ಸಹಿ ಹಾಕಿ, ಕೂಡಲೇ ಪಶ್ಚಾತ್ತಾಪಪಟ್ಟು ಅದನ್ನು ರದ್ದುಗೊಳಿಸಲು ಕೋರಿದರು. ನ್ಯಾಯಾಲಯ ಒಪ್ಪಲಿಲ್ಲ. ವಿಶ್ವವಿದ್ಯಾನಿಲಯ ಮೊದಲು ಉನ್ನತ ಅಂಕ ನೀಡಿದ ಪ್ರಬಂಧದ ಮಾನ್ಯತೆಯನ್ನು ಬಳಿಕ ಹಿಂತೆಗೆಯಿತು. 2022ರಲ್ಲಿ ಇಸ್ರೇಲಿ ನಿರ್ದೇಶಕ ಅಲೋನ್ ಶ್ವಾರ್ಟ್ಜ್ 'ತಂತೂರಾ' ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಮುಪ್ಪಿನಂಚಿನ ಸೈನಿಕರು ಕ್ಯಾಮೆರಾದ ಮುಂದೆಯೇ ಆ ದಿನದ ಬಗ್ಗೆ ಮಾತಾಡಿದರು. ಸತ್ತವರು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹಳ್ಳಿ ಇಲ್ಲವಾಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಂದು ಅಲ್ಲಿರುವುದು ಒಂದು ಕಿಬುತ್ಸ್ ಮತ್ತು ಪ್ರವಾಸಿಗರು ಬಿಸಿಲು ಕಾಯಿಸುವ ಕಡಲತೀರ.

ಆ ವರ್ಷ ಮನೆ ಮಾರು ಕಳಕೊಂಡ ಫೆಲೆಸ್ತೀನಿಯರು ಏಳು ಲಕ್ಷಕ್ಕಿಂತ ಹೆಚ್ಚು. ಅರಬಿಯಲ್ಲಿ ಅದನ್ನು ನಕ್ಬಾ, ಮಹಾ ವಿಪತ್ತು, ಎನ್ನುತ್ತಾರೆ. ಅವರ ಮನೆಗಳಲ್ಲಿ ಹಿರಿಯರು ಹೇಳುವ ಒಂದು ಕತೆಯಿದೆ. ದಾಳಿಯ ಗದ್ದಲದಲ್ಲಿ ತಾಯಿಯೊಬ್ಬಳು ತೊಟ್ಟಿಲಿನಿಂದ ಕೂಸನ್ನೆತ್ತಿ ಎದೆಗವಚಿಕೊಂಡು ಓಡಿದಳು. ಬಹುದೂರ ಬಂದ ಮೇಲೆ ನೋಡುತ್ತಾಳೆ, ತೋಳಿನಲ್ಲಿರುವುದು ಕೂಸಲ್ಲ, ದಿಂಬು.

ಈ ಕತೆಯೇ ಹೊಸ ಆಟದ ತಿರುಳು. ಆಟದ ತಾಯಿಯ ಹೆಸರು 'ಉಮ್ಮ್'. ಅರಬಿಯಲ್ಲಿ ಹಾಗೆಂದರೆ ತಾಯಿ. ಅದೇ ಪದದಿಂದ 'ಉಮ್ಮ' ಎಂದು ಕರೆಯುತ್ತಾ ಬೆಳೆಯುವ ನಮ್ಮ ಕರಾವಳಿಯ ಮಕ್ಕಳಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಂತೂರಾದಿಂದ ಲೆಬನಾನಿನ ಕಡೆಗೆ ಆಕೆ ಅಡಗುತ್ತಾ, ತೆವಳುತ್ತಾ ಸಾಗಬೇಕು. ತಯಾರಕರ ವಿವರಣೆಯಂತೆ, ದಿಂಬನ್ನು ಹಿಡಿದಿದ್ದರೆ ಆಕೆಯ ಚಲನೆಗೆ ಅಡ್ಡಿ. ಕೆಳಗಿಟ್ಟರೆ ಮೈಗೆ ಸಲೀಸು, ಆದರೆ ಮನಸ್ಸು ದುಃಸ್ವಪ್ನಗಳಿಗೆ ತುತ್ತಾಗುತ್ತದೆ. ರಾತ್ರಿ ಆ ದಿಂಬಿಗೆ ತಲೆಯಿಟ್ಟಾಗ ಆಕೆಯ ಕನಸಿನಲ್ಲಿ ನಕ್ಬಾಕ್ಕಿಂತ ಮೊದಲಿನ ಫೆಲೆಸ್ತೀನ್ ತೆರೆದುಕೊಳ್ಳುತ್ತದೆ.

ಇದನ್ನು ತುಸು ಯೋಚಿಸಿ ನೋಡಿ. ದಿಂಬನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸಬೇಕಾದುದು ಆಟಗಾರನ ಬೆರಳು. ಕಾದಂಬರಿಯನ್ನು ಓದುವವನು ತಾಯಿಗಾಗಿ ಮರುಗುತ್ತಾನೆ. ಸಿನಿಮಾ ನೋಡುವವನು ಕಣ್ಣೊರೆಸಿಕೊಳ್ಳುತ್ತಾನೆ. ಆಡುವವನು ಮಾತ್ರ ಆ ಭಾರವನ್ನು ಹೊರಬೇಕಾಗುತ್ತದೆ. ಈ ಮಾಧ್ಯಮದ ವಿಶೇಷ ಇದುವೇ. ಇದೇ ಶಕ್ತಿಯನ್ನು ಇದುವರೆಗೆ ಬಂದೂಕಿನ ಕುದುರೆ ಎಳೆಯಲು ಬಳಸಲಾಗಿದೆ. ಅದನ್ನು ಒಬ್ಬ ತಾಯಿಯ ಜೊತೆ ನಡೆಯಲು ಬಳಸಿದರೆ ತಪ್ಪೇನು?

ಈ ಆಟಕ್ಕೆ ಹಣ ಹೂಡುವವರು ಸಿಗಲಿಲ್ಲ ಎಂಬುದೂ ಗಮನಾರ್ಹ. ಪ್ರಕಾಶಕರ ಬಾಗಿಲುಗಳನ್ನು ತಟ್ಟಿ ತಟ್ಟಿ ಸಾಕಾದ ಅಬೂ ಈದ ಬೀಜಗಳನ್ನು ಹುರಿದು ಮಾರುವ ವ್ಯಾಪಾರದಿಂದ ಸಂಸಾರ ಸಾಗಿಸಿದರು. ಸಾರ್ವಜನಿಕ ದೇಣಿಗೆ ಎತ್ತುವ ಪ್ರಸಿದ್ಧ ಜಾಲತಾಣಗಳು ಫೆಲೆಸ್ತೀನಿನಲ್ಲಿ ನೆಲೆಸಿರುವವರಿಗೆ ಲಭ್ಯವಿರಲಿಲ್ಲ. ಕೊನೆಗೆ 2024ರ ಅಂತ್ಯದಲ್ಲಿ ಮುಸ್ಲಿಮರು ನಡೆಸುವ ಲಾಂಚ್‌ಗುಡ್ ಎಂಬ ತಾಣದಲ್ಲಿ ಮನವಿ ಮಾಡಿಕೊಂಡರು. ಕೆಲವೇ ವಾರಗಳಲ್ಲಿ ಎರಡು ಲಕ್ಷ ಡಾಲರ್‌ಗಿಂತ ಹೆಚ್ಚು ಮೊತ್ತ ಕೂಡಿಬಂತು. ದೊಡ್ಡ ಬಂಡವಾಳಿಗರು ಕೈಬಿಟ್ಟ ಕತೆಯನ್ನು ಸಾಮಾನ್ಯ ಜನ ಎತ್ತಿಕೊಂಡರು. ಎರಡು ವರ್ಷಗಳ ಕೆಲಸವೆಂದು ಆಗ ಯೋಜಿಸಲಾಗಿತ್ತು. ನಿರಂತರ ದಾಳಿ, ತಪಾಸಣಾ ಠಾಣೆಗಳ ನಡುವೆ ಬದುಕುವ ಊರಿನ ಕಲಾವಿದನಿಗೆ ದಿನಾಂಕಗಳು ಕಂಪೆನಿಗಳ ದಿನಾಂಕಗಳಂತಲ್ಲ. ಅವರು ತಡ ಮಾಡಿದರೂ ಕಾಯುವುದು ನ್ಯಾಯ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಒಂದು, ದುಃಖವನ್ನು ಆಟದ ವಸ್ತುವಾಗಿಸುವುದು ಮೃತರಿಗೆ ಮಾಡುವ ಅವಮಾನವಲ್ಲವೇ? ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಆಟ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಕ್ಷಗಾನವನ್ನೂ ನಮ್ಮ ಕರಾವಳಿಯಲ್ಲಿ ಆಟ ಎಂದೇ ಕರೆಯುತ್ತಾರೆ. ಅಲ್ಲಿ ಅಭಿಮನ್ಯು ಸತ್ತಾಗ ಅಳುವ ಪ್ರೇಕ್ಷಕ ಅವನನ್ನು ಅವಮಾನಿಸುತ್ತಿದ್ದಾನೆಯೇ? 2014ರಲ್ಲಿ ಪೋಲೆಂಡಿನ ಕಂಪೆನಿಯೊಂದು 'ದಿಸ್ ವಾರ್ ಆಫ್ ಮೈನ್' ಎಂಬ ಆಟವನ್ನು ತಯಾರಿಸಿತು. 1992ರಿಂದ 1996ರ ವರೆಗೆ ಮುತ್ತಿಗೆಯಲ್ಲಿ ನರಳಿದ ಬೋಸ್ನಿಯಾದ ಸರಾಯೇವೋ ಅದಕ್ಕೆ ಸ್ಫೂರ್ತಿ. ಅದರಲ್ಲಿ ಆಟಗಾರ ಸೈನಿಕನಲ್ಲ, ಮುರಿದ ಮನೆಯೊಂದರಲ್ಲಿ ಹಸಿವು, ಚಳಿ, ಕಾಯಿಲೆಗಳೊಂದಿಗೆ ಸೆಣಸುವ ನಾಗರಿಕ. ನೆರೆಯವನ ಔಷಧವನ್ನು ಕದ್ದರೆ ತನ್ನವನು ಬದುಕುತ್ತಾನೆ, ಆದರೆ ಮನಸ್ಸು ಬದುಕಲು ಬಿಡುವುದಿಲ್ಲ. 2020ರಲ್ಲಿ ಪೋಲೆಂಡಿನ ಸರಕಾರ ಈ ಆಟವನ್ನು ಪ್ರೌಢ ವಿದ್ಯಾರ್ಥಿಗಳ ಶಿಫಾರಸು ಪಟ್ಟಿಗೆ ಸೇರಿಸಿತು. ಎರಡನೆಯ ಮಹಾಯುದ್ಧದ ಬೂದಿಯಲ್ಲಿ ಎದ್ದ ದೇಶವೊಂದು, ಯುದ್ಧ ಎಂದರೇನೆಂದು ಮಕ್ಕಳಿಗೆ ಕಲಿಸಲು ಪುಸ್ತಕದ ಜೊತೆ ಆಟವನ್ನೂ ಆರಿಸಿತು. ಇದು ಅವಮಾನವಲ್ಲ, ಶಿಕ್ಷಣ.

ಎರಡನೆಯ ಆಕ್ಷೇಪ, ಇದೂ ಒಂದು ಪ್ರಚಾರವಲ್ಲವೇ? ಅವರು ಅವರ ಕಡೆಯಿಂದ ಹೇಳಿದರು, ಇವರು ಇವರ ಕಡೆಯಿಂದ. ಈ ಆಕ್ಷೇಪವನ್ನೂ ತಳ್ಳಿಹಾಕಬೇಕಾಗಿಲ್ಲ. ನಮ್ಮವರು ಮಾಡಿದ್ದಾರೆ ಎಂಬ ಕಾರಣಕ್ಕೇ ಒಂದು ಕೃತಿ ಒಳ್ಳೆಯದಾಗುವುದಿಲ್ಲ. ಬಂದೂಕನ್ನು ಕೈಯಿಂದ ಕೈಗೆ ಬದಲಿಸಿ, ಕೊಲ್ಲುವವನ ಹೆಸರನ್ನಷ್ಟೇ ಅರಬೀಕರಿಸಿದ ಆಟಗಳೂ ಬಂದಿವೆ. ಅವುಗಳಿಂದ ನಮ್ಮ ಮಕ್ಕಳು ಕಲಿಯುವುದು ಅದೇ ಹಳೆಯ ಪಾಠ, ಎದುರಿಗಿರುವವನು ಮನುಷ್ಯನಲ್ಲ ಎಂಬ ಪಾಠ. ನಮಗಿರಬೇಕಾದ ಅಳತೆಗೋಲು ಬೇರೆ. ಆಡಿ ಮುಗಿಸಿದ ಮೇಲೆ ಮಗುವಿಗೆ ಇನ್ನೊಬ್ಬ ಮನುಷ್ಯ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತಾನೆಯೇ, ಅಥವಾ ಮಸುಕಾಗುತ್ತಾನೆಯೇ? ಅಬೂ ಈದರ ಹೊಸ ಆಟವೂ ಬಂದ ದಿನ ಇದೇ ಅಳತೆಗೋಲಿಗೆ ಒಳಪಡಲಿ. ಕೈಯಲ್ಲಿ ಆಯುಧವಿಲ್ಲದ ತಾಯಿಯನ್ನು ನಾಯಕಿಯಾಗಿಸಿದ್ದರಿಂದ ಅದು ಗೆಲ್ಲುವ ಭರವಸೆ ಇದೆ.

ಇದು ದೂರದ ಫೆಲೆಸ್ತೀನಿನ ಮಾತಾಯಿತು, ನಮ್ಮ ದೇಶದಲ್ಲಿ ಏನಿದೆ ಎಂದು ಕೇಳಬಹುದು. ಕೋಲ್ಕತಾದ ಕಲಾವಿದೆ ಲೀನಾ ಕೇಜ್ರಿವಾಲ್ 2016ರಲ್ಲಿ 'ಮಿಸ್ಸಿಂಗ್' ಎಂಬ ಮೊಬೈಲ್ ಆಟವನ್ನು ಹೊರತಂದರು. ಕಳ್ಳಸಾಗಣೆಗೆ ಬಲಿಯಾದ ಹೆಣ್ಣುಮಗಳ ಸ್ಥಾನದಲ್ಲಿ ಆಟಗಾರನನ್ನು ನಿಲ್ಲಿಸಿ, ಪಾರಾಗುವ ದಾರಿ ಎಷ್ಟು ಕಿರಿದು ಎಂಬುದನ್ನು ಅದು ತೋರಿಸುತ್ತದೆ. ಹಳ್ಳಿಯ ಶಾಲೆಗೆ ಹೋಗಿ ಭಾಷಣ ಮಾಡುವುದಕ್ಕಿಂತ ಹೆಚ್ಚು ಆಳಕ್ಕೆ ಇಳಿಯಬಲ್ಲ ಪ್ರಯತ್ನವಿದು.

ಇನ್ನು ಕರ್ನಾಟಕ. ವೀಡಿಯೋ ಗೇಮ್ ಉದ್ಯಮಕ್ಕೆ ಭಾರತದಲ್ಲಿ ನಾಂದಿ ಹಾಡಿದ ಕಂಪೆನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡು ತನ್ನ ಬೆಂಗಳೂರಿನ ಶಾಖೆಗೆ ಸೇರಿಸಿತು. ಅಂದರೆ ಈ ಬರಹದ ಆರಂಭದಲ್ಲಿ ಹೇಳಿದ, ಜಗತ್ತೇ ಕಾಯುತ್ತಿರುವ ಆಟದ ಕಂಪೆನಿಗೆ ನಮ್ಮ ರಾಜಧಾನಿಯಲ್ಲಿ ಕಾರ್ಯಾಗಾರವಿದೆ. ಕೌಶಲ ನಮ್ಮ ಬಳಿ ಇದೆ, ಕೈಗಳು ನಮ್ಮವು. ಕತೆ ಮಾತ್ರ ಬೇರೆಯವರದು. ನಮ್ಮ ಮಕ್ಕಳು ಇಂಜಿನಿಯರಿಂಗ್, ಚಿತ್ರಕಲೆ ಕಲಿತು ಬೆಂಗಳೂರಿಗೆ ಹೋಗಿ ಬೇರೊಂದು ದೇಶದ ಬೀದಿಗಳನ್ನು ಚಿತ್ರಿಸುತ್ತಾರೆ. ನಮ್ಮ ಊರಿನ ಬೀದಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು, ಗಲ್ಫಿಗೆ ಹೋದ ಗಂಡನ ಕಾಗದಕ್ಕಾಗಿ ಅಂಚೆಯವನ ದಾರಿ ಕಾದ ಹೆಂಗಸರು, ಇವರೆಲ್ಲ ಯಾರ ಪರದೆಯ ಮೇಲೂ ಬರುವುದಿಲ್ಲ. ಬರಬಾರದೆಂದು ಯಾರೂ ನಿಷೇಧಿಸಿಲ್ಲ. ಅವರ ಬಾಳೂ ಒಂದು ಕತೆ ಎಂದು ನಮಗೆ ತೋಚಿಲ್ಲ, ಅಷ್ಟೆ. ನಾಬ್ಲುಸ್‌ನಲ್ಲಿ, ಆಕ್ರಮಣದ ನಡುವೆ ಕುಳಿತು ಒಬ್ಬನು ತನ್ನ ಜನರ ಕತೆಯನ್ನು ಆಟವಾಗಿಸಬಲ್ಲನಾದರೆ, ಶಾಂತಿಯಿಂದ ನಿದ್ರಿಸುವ ನಮ್ಮ ಪಟ್ಟಣಗಳ ಯುವಕರಿಗೆ ಅದು ಏಕೆ ಸಾಧ್ಯವಾಗದು?

ಹೆತ್ತವರು ಮಾಡಬಹುದಾದ ಕೆಲಸವೂ ಇದೆ, ಅದಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಕಾಗಿಲ್ಲ. ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಇದರಲ್ಲಿ ನೀನು ಯಾರು, ನಿನ್ನ ಎದುರಿಗಿರುವವರು ಯಾರು, ಅವರು ನಿನಗೆ ಮಾಡಿದ್ದೇನು ಎಂದು ಕೇಳಿ. ಉತ್ತರ ಹೊಳೆಯದೆ ಅವನು ತಡವರಿಸಿದರೆ ಅದೇ ಪಾಠದ ಆರಂಭ. ಹಣ ಕಟ್ಟುವ ಆಟವಾದರೆ ಮುಲಾಜಿಲ್ಲದೆ ನಿಲ್ಲಿಸಿ. ವಯಸ್ಸಿಗೆ ಮೀರಿದ ಆಟವಾದರೆ ಕಾರಣ ಹೇಳಿ ನಿಲ್ಲಿಸಿ. ಕಾರಣ ಹೇಳದ ನಿಷೇಧ ಮನೆಯಿಂದ ಮೊಬೈಲನ್ನು ಹೊರಗಟ್ಟುವುದಿಲ್ಲ, ಮಗನನ್ನು ಮಹಡಿಗೆ ಕಳುಹಿಸುತ್ತದೆ, ಅಷ್ಟೆ. ಬೇಡ ಎನ್ನುವುದರ ಜೊತೆಗೆ, ಇದನ್ನು ನೋಡು ಎಂದು ತೋರಿಸಲು ನಮ್ಮ ಬಳಿ ಏನಾದರೂ ಇರಬೇಕು. ಅದಿಲ್ಲದಿದ್ದರೆ ನಮ್ಮ ಉಪದೇಶಕ್ಕೆ ತೂಕವಿಲ್ಲ. ಯುದ್ಧದ ವಿಷಯವಿರುವ ಈ ಆಟಗಳೂ ಎಳೆಯ ಮಕ್ಕಳಿಗಲ್ಲ. ಹದಿಹರೆಯದವರ ಜೊತೆ ಹಿರಿಯರು ಕುಳಿತು ನೋಡಬೇಕಾದವು. ಅಬ್ಬನಿಗೆ ಆಡಲು ಬಾರದಿದ್ದರೆ ಮಗನೇ ಕಲಿಸಲಿ. ಅಷ್ಟು ಹೊತ್ತಾದರೂ ಇಬ್ಬರೂ ಒಂದೇ ಕತೆಯೊಳಗೆ ಇರುತ್ತಾರೆ.

ಬಿಡುಗಡೆಯ ದಿನಾಂಕಗಳನ್ನು ಲೆಕ್ಕ ಹಾಕುತ್ತಾ ಕಾಯುವುದು ಹರೆಯದ ಸ್ವಭಾವ. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ನಾವು ಹೇಳಿಕೊಡಬಲ್ಲೆವು. ಕದ್ದ ಕಾರಿನಲ್ಲಿ ನಗರ ಸುತ್ತುವ ಆಟಕ್ಕೆ ಜಾಹೀರಾತುಗಳಿವೆ, ನಮ್ಮ ಪ್ರಚಾರ ಬೇಕಾಗಿಲ್ಲ. ದಿಂಬನ್ನು ಅವುಚಿಕೊಂಡು ಗಡಿಯತ್ತ ನಡೆಯುವ ತಾಯಿಗೆ ಜಾಹೀರಾತು ಇಲ್ಲ. ಆಕೆಯ ಬಗ್ಗೆ ನಮ್ಮ ಮನೆಯ ಊಟದ ಸುಪ್ರದ ಸುತ್ತ ಒಂದು ಮಾತಾದರೂ ಬರಲಿ. ಮರುದಿನ ಮಗ ತಂತೂರಾ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಬಹುದು. ಆ ಹಳ್ಳಿ ಭೂಪಟದಲ್ಲಿ ಸಿಗದು. ಏಕೆ ಸಿಗದು ಎಂದು ಅವನು ಕೇಳಿದರೆ, ಉತ್ತರಿಸಲು ನಾವು ತಯಾರಿರಬೇಕು.